ಓಕ್ ಕಾಯಿ ಸುರಿದ ವರ್ಷ ಜಿಂಕೆ ಎಲ್ಲಿ ಹೋದವು? ವೆಸ್ಟ್ ವರ್ಜೀನಿಯಾದ 2010ರ ಬೇಟೆ ಹಂಗಾಮು

2009ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಬೇಟೆಗಾರರು ಸುಮಾರು 1,55,000 ಜಿಂಕೆ ಹೊಡೆದರು. 2010ರಲ್ಲಿ ಆ ಲೆಕ್ಕ 1,06,000ದ ಆಸುಪಾಸಿಗೆ ಇಳಿಯಿತು. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಡಿಮೆ. 2011ರಲ್ಲಿ ಮತ್ತೆ 1,35,000 ದಾಟಿತು.

ಈ ಮೂರು ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿದರೆ, 2010ರಲ್ಲಿ ಕಾಡಿನ ಜಿಂಕೆಗಳಿಗೆ ಏನೋ ದೊಡ್ಡ ಗಂಡಾಂತರ ಬಂದು ಹೋಯಿತು ಅನಿಸುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಇನ್ನರ್ಧಕ್ಕೆ ಕಾರಣ ಓಕ್ ಮರ. ಹೊಡೆದ ಜಿಂಕೆಯ ಲೆಕ್ಕವೇ ಬೇರೆ, ಕಾಡಿನಲ್ಲಿರುವ ಜಿಂಕೆಯ ಲೆಕ್ಕವೇ ಬೇರೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣ ಅಪರೂಪ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ಪರಿಸ್ಥಿತಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಹೊಡೆಯುವುದು ಅಪರಾಧ. ಅಲ್ಲಿ ಹಾಗಲ್ಲ. ತೋಳ, ಬೆಟ್ಟಸಿಂಹ (ಪ್ಯೂಮಾ) ಆ ಬೆಟ್ಟಗಳಿಂದ ಮರೆಯಾಗಿ ಎಷ್ಟೋ ಕಾಲವಾಗಿದೆ. ಬಿಳಿಬಾಲದ ಜಿಂಕೆಗಳ ಸಂಖ್ಯೆಯನ್ನು ಹಿಡಿತದಲ್ಲಿ ಇಡುವ ಕೆಲಸ ಬಹುಮಟ್ಟಿಗೆ ಲೈಸೆನ್ಸ್ ಪಡೆದ ಬೇಟೆಗಾರರದು. ಆ ಲೈಸೆನ್ಸಿನ ದುಡ್ಡಿನಿಂದಲೇ ವನ್ಯಜೀವಿ ಇಲಾಖೆಯ ಎಷ್ಟೋ ಕೆಲಸ ನಡೆಯುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಬಿಲ್ಲು ಬಾಣದ ಹಂಗಾಮು ಶುರುವಾಗುತ್ತದೆ. ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಸೋಮವಾರ, ಗಂಡು ಜಿಂಕೆಯ ಕೋವಿ ಬೇಟೆ ಶುರು. ಆ ವಾರ ಎಷ್ಟೋ ಕಡೆ ಶಾಲೆಗಳಿಗೂ ರಜೆ. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಕಾಡಿಗೆ ಹೋಗುತ್ತಾರೆ. ಚಳಿಗಾಲಕ್ಕೆ ಫ್ರೀಜರಿನಲ್ಲಿ ಮಾಂಸ ತುಂಬಿಸಿಕೊಳ್ಳುವ ಮನೆಗಳು ಅಲ್ಲಿ ಬಹಳ. ಹಾಗಾಗಿ ಲೆಕ್ಕ ಮೂರನೇ ಒಂದು ಭಾಗ ಕುಸಿಯಿತು ಅಂದರೆ ಅದು ಬರೀ ಇಲಾಖೆಯ ಕಾಗದದ ಮಾತಲ್ಲ. ಅನೇಕ ಮನೆಗಳ ಅಡುಗೆಮನೆಗೂ ತಟ್ಟುವ ಮಾತು.

ಆ ರಾಜ್ಯದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೆಲ ಕಾಡು. ಅಪಲಾಚಿಯನ್ ಬೆಟ್ಟಗಳ ಏಣು, ಇಳಿಜಾರು, ಕಿರು ಕಣಿವೆಗಳ ನಾಡು ಅದು. ಈ ಕಾಡುಗಳಲ್ಲಿ ಬಹುಪಾಲು ಕಡೆ ಓಕ್ ಮರಗಳದೇ ದೊಡ್ಡಸ್ತಿಕೆ. ಹಿಂದೆ ಹೀಗಿರಲಿಲ್ಲ. ಅಮೆರಿಕನ್ ಚೆಸ್ಟ್‌ನಟ್ ಮರ ಈ ಬೆಟ್ಟಗಳನ್ನು ಆಳುತ್ತಿತ್ತು. ಅದು ಬೇಸಿಗೆ ಶುರುವಾದ ಮೇಲೆ ತಡವಾಗಿ ಹೂ ಬಿಡುತ್ತಿದ್ದರಿಂದ ವಸಂತದ ಚಳಿ ಅದನ್ನು ಮುಟ್ಟುತ್ತಿರಲಿಲ್ಲ. ವರ್ಷ ವರ್ಷವೂ ನಂಬಿಕೆಯಿಂದ ಕಾಯಿ ಸುರಿಸುತ್ತಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣಿಗೆ ಬಿದ್ದ ಒಂದು ಶಿಲೀಂಧ್ರ ರೋಗ 1950ರ ಹೊತ್ತಿಗೆ ಆ ಮರವನ್ನು ಕಾಡಿನಿಂದ ಹೆಚ್ಚುಕಡಿಮೆ ಅಳಿಸಿಹಾಕಿತು. ಸತ್ತ ಮರಗಳ ಲೆಕ್ಕ ನೂರಾರು ಕೋಟಿ. ಜಿಂಕೆ, ಕರಡಿ, ಟರ್ಕಿ ಕೋಳಿ, ಅಳಿಲು ಎಲ್ಲವೂ ಆಮೇಲೆ ಓಕ್ ಮರವನ್ನೇ ನೆಚ್ಚಿಕೊಳ್ಳಬೇಕಾಯಿತು. ಓಕ್ ನೆಚ್ಚಿಕೊಳ್ಳುವಂಥ ಮರ ಅಲ್ಲ. ಒಂದು ವರ್ಷ ನೆಲ ಕಾಣದಷ್ಟು ಕಾಯಿ ಸುರಿಸುತ್ತದೆ, ಮರುವರ್ಷ ಒಂದೂ ಇಲ್ಲ.

ಹೀಗೆ ಒಂದು ಸೀಮೆಯ ಮರಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೇ ಬಿಟ್ಟು, ಒಟ್ಟಿಗೇ ಬರಿದಾಗುವುದಕ್ಕೆ ಅಲ್ಲಿ 'ಮಾಸ್ಟಿಂಗ್' ಅನ್ನುತ್ತಾರೆ. ನಮ್ಮ ಮಲೆನಾಡಿನವರಿಗೆ ಇದು ತೀರಾ ಹೊಸದಲ್ಲ. ಬಿದಿರು ಹೂ ಬಿಟ್ಟು ಬಿದಿರಕ್ಕಿ ಉದುರಿದ ವರ್ಷ ಇಲಿಗಳ ಕಾಟ ಹೇಗೆ ಏರುತ್ತದೆ ಅಂತ ಕೇಳಿ ನೋಡಿ. ವ್ಯತ್ಯಾಸ ಇಷ್ಟೇ: ಬಿದಿರು ಒಮ್ಮೆ ಬಿಟ್ಟು ಸಾಯುತ್ತದೆ. ಓಕ್ ಬದುಕಿದ್ದು, ಕೆಲವು ವರ್ಷಕ್ಕೊಮ್ಮೆ ಇದೇ ಆಟ ಆಡುತ್ತಲೇ ಇರುತ್ತದೆ.

ಎರಡು ಬಗೆಯ ಓಕ್, ಎರಡು ಬಗೆಯ ಲೆಕ್ಕ

ಈ ಪ್ರಕರಣ ಅರ್ಥವಾಗಬೇಕಾದರೆ ಮರದ ವಿಷಯ ಸ್ವಲ್ಪ ಕೂಲಂಕಷವಾಗಿ ತಿಳಿಯಬೇಕು. ಓಕ್‌ಗಳಲ್ಲಿ ಬಿಳಿ ಗುಂಪು, ಕೆಂಪು ಗುಂಪು ಅಂತ ಎರಡಿವೆ. ಬಿಳಿ ಓಕ್, ಚೆಸ್ಟ್‌ನಟ್ ಓಕ್ ಬಿಳಿ ಗುಂಪಿನವು. ಕೆಂಪು ಓಕ್, ಕಪ್ಪು ಓಕ್, ಸ್ಕಾರ್ಲೆಟ್ ಓಕ್ ಕೆಂಪು ಗುಂಪಿನವು. ಎಲೆ ನೋಡಿದರೆ ಗೊತ್ತಾಗುತ್ತದೆ. ಬಿಳಿ ಓಕ್ ಎಲೆಯ ಹಾಲೆಗಳ ತುದಿ ದುಂಡಗೆ, ಕೆಂಪು ಗುಂಪಿನದಕ್ಕೆ ಚೂಪು ತುದಿ, ಅದರಲ್ಲಿ ಸಣ್ಣ ಕೂದಲಿನಂಥ ಮುಳ್ಳು.

ಬಿಳಿ ಓಕ್ ಏಪ್ರಿಲ್, ಮೇ ತಿಂಗಳಲ್ಲಿ ಹೂ ಬಿಟ್ಟರೆ ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರಿಗೆ ಕಾಯಿ ಉದುರಿಸುತ್ತದೆ. ಕೆಂಪು ಗುಂಪಿನ ಮರಗಳಿಗೆ ಕಾಯಿ ಬಲಿಯಲು ಎರಡು ಬೇಸಿಗೆ ಬೇಕು. ಅಂದರೆ 2010ರಲ್ಲಿ ಉದುರಿದ ಕೆಂಪು ಓಕ್ ಕಾಯಿ 2009ರ ವಸಂತದ ಹೂವಿನದು. 2009ರಲ್ಲಿ ಉದುರಬೇಕಾಗಿದ್ದದ್ದು 2008ರ ಹೂವಿನದು. ಹೂ ಅರಳಿದ ಹೊತ್ತಿಗೆ ಒಂದು ರಾತ್ರಿ ಚಳಿ ಬಿಗಿದು ಹೂ ಕರಕಲಾದರೆ ಬಿಳಿ ಓಕ್ ಅದೇ ವರ್ಷ ಕೈಕೊಡುತ್ತದೆ, ಕೆಂಪು ಓಕ್ ಮುಂದಿನ ವರ್ಷ. ಹೂಗಳು ಗಾಳಿಯಿಂದಲೇ ಪರಾಗ ಪಡೆಯುವಂಥವು. ಆ ವಾರವಿಡೀ ಜಡಿಮಳೆ ಹಿಡಿದರೂ ಫಸಲು ಕೆಡುತ್ತದೆ. ಇದರ ಮೇಲೆ ಮೂತಿ ಹುಳದ ಕಾಟ ಬೇರೆ. ಎಳೆ ಕಾಯಿಯನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಅಂಥ ಕಾಯಿಯನ್ನು ನೀರಿಗೆ ಹಾಕಿದರೆ ಹೆಚ್ಚಾಗಿ ತೇಲುತ್ತದೆ.

ರುಚಿಯೂ ಬೇರೆ. ಬಿಳಿ ಓಕ್ ಕಾಯಿಯಲ್ಲಿ ಒಗರು ಕಡಿಮೆ, ಜಿಂಕೆಗೆ ಅದು ಮೊದಲ ಆಯ್ಕೆ. ಕೆಂಪು ಓಕ್ ಕಾಯಿಗೆ ಟ್ಯಾನಿನ್‌ನ ಒಗರು ಜಾಸ್ತಿ, ಆದರೆ ಕೊಬ್ಬೂ ಜಾಸ್ತಿ. ಇನ್ನೊಂದು ಮುಖ್ಯ ಸಂಗತಿ: ಬಿಳಿ ಓಕ್ ಕಾಯಿ ನೆಲಕ್ಕೆ ಬಿದ್ದ ಕೆಲವೇ ವಾರಗಳಲ್ಲಿ, ಅದೇ ಶರತ್ಕಾಲದಲ್ಲಿ ಮೊಳಕೆ ಒಡೆಯುತ್ತದೆ. ಬೂದು ಅಳಿಲಿಗೆ ಇದು ಗೊತ್ತು. ಬಿಳಿ ಓಕ್ ಕಾಯಿ ಹೂತಿಡುವ ಮುಂಚೆ ಅದರ ಮೊಳಕೆ ಕಣ್ಣನ್ನೇ ಕಚ್ಚಿ ತೆಗೆದುಬಿಡುತ್ತದೆ! ಕೆಂಪು ಓಕ್ ಕಾಯಿ ಚಳಿಗಾಲವಿಡೀ ಮಲಗಿದ್ದು ವಸಂತದಲ್ಲಿ ಮೊಳೆಯುತ್ತದೆ. ಹಾಗಾಗಿ ಅಕ್ಟೋಬರಿನ ಬಿಲ್ಲುಗಾರನಿಗೆ ಬಿಳಿ ಓಕ್ ಎಷ್ಟು ಮುಖ್ಯವೋ, ನವೆಂಬರ್ ಕೊನೆಯಲ್ಲಿ ಕೋವಿ ಹಿಡಿದು ಬರುವವನಿಗೆ ಕೆಂಪು ಗುಂಪಿನ ಮರಗಳು ಅಷ್ಟು ಮುಖ್ಯ. ಬಿಳಿಯದು ಅಷ್ಟರಲ್ಲಿ ತಿಂದು, ಮೊಳೆತು, ಕೊಳೆತು ಮುಗಿದಿರುತ್ತದೆ.

ವೆಸ್ಟ್ ವರ್ಜೀನಿಯಾದವರು ಇದನ್ನೆಲ್ಲ ಅಂದಾಜಿಗೆ ಬಿಟ್ಟಿಲ್ಲ. 1971ರಿಂದ ಪ್ರತಿ ವರ್ಷ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಬೇಟೆ ಶುರುವಾಗುವ ಮುಂಚೆ ಕಾಡಿನ ಫಸಲಿನ ಸಮೀಕ್ಷೆ ಮಾಡುತ್ತದೆ. ಓಕ್, ಹಿಕರಿ, ಬೀಚ್, ವಾಲ್‌ನಟ್, ಕಾಡುದ್ರಾಕ್ಷಿ, ಬ್ಲ್ಯಾಕ್‌ಬೆರಿ, ಸೇಬು ಸೇರಿ ಹದಿನೆಂಟು ಬಗೆಯ ಮರ, ಗಿಡ, ಬಳ್ಳಿಗಳು ಅದರಲ್ಲಿವೆ. ಇಲಾಖೆಯವರು, ಅರಣ್ಯ ಸಿಬ್ಬಂದಿ, ನಿವೃತ್ತರು ತಮ್ಮ ತಮ್ಮ ಸೀಮೆಯಲ್ಲಿ ನೋಡಿ, ಪ್ರತಿಯೊಂದಕ್ಕೂ ಹೇರಳ, ಸಾಧಾರಣ, ವಿರಳ ಅಂತ ಮೂರರಲ್ಲಿ ಒಂದು ಗುರುತು ಹಾಕುತ್ತಾರೆ. ತುಂಬಾ ಸರಳ ವಿಧಾನ. ಆದರೆ ನಾಲ್ಕು ದಶಕ ಬಿಡದೆ ಮಾಡಿದಾಗ ಆ ಸರಳ ಲೆಕ್ಕಕ್ಕೆ ಬರುವ ಬೆಲೆ ದೊಡ್ಡದು. ಆ ವರದಿಯಲ್ಲೇ ಈ ವರ್ಷ ಜಿಂಕೆ, ಕರಡಿ, ಟರ್ಕಿ ಬೇಟೆ ಹೇಗಿರಬಹುದು ಅಂತ ಮುನ್ನೋಟವನ್ನೂ ಕೊಡುತ್ತಾರೆ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಮೆಚ್ಚಬೇಕಾದ ಭಾಗ ಇದೇ.

2009: ಬರಿದಾದ ಕಾಡು, ಬಿಳಿ ಚಳಿಗಾಲ

2009ರ ಶರತ್ಕಾಲದಲ್ಲಿ ಓಕ್ ಕಾಯಿ ತೀರಾ ಕಡಿಮೆ. ಇಂಥ ವರ್ಷದಲ್ಲಿ ಜಿಂಕೆ ದಟ್ಟ ಕಾಡಿನಲ್ಲಿ ಇದ್ದು ಮಾಡುವುದೇನು? ಹೊಲದಂಚಿಗೆ, ಹುಲ್ಲುಗಾವಲಿಗೆ, ಹಾಳುಬಿದ್ದ ಸೇಬು ತೋಟಕ್ಕೆ, ವಿದ್ಯುತ್ ಲೈನಿಗಾಗಿ ಮರ ಕಡಿದ ಬಯಲಿಗೆ ಇಳಿಯುತ್ತದೆ. ಮೇವು ಇರುವುದು ಕೆಲವೇ ಕಡೆ, ಆದ್ದರಿಂದ ಜಿಂಕೆಗಳೂ ಆ ಕೆಲವೇ ಕಡೆ ಗುಂಪುಗೂಡುತ್ತವೆ. ಹೊಟ್ಟೆ ತುಂಬಲು ಜಾಸ್ತಿ ನಡೆಯಬೇಕು, ಜಾಸ್ತಿ ಹೊತ್ತು ಮೇಯಬೇಕು. ಹಗಲು ಬೆಳಕಿನಲ್ಲೂ ಕಾಣುತ್ತವೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೂ ಬೀಳುತ್ತವೆ. ಅಂಥ ಹೊಲದಂಚಿನಲ್ಲಿ ಅಟ್ಟಣೆ ಕಟ್ಟಿ ಕೂತವನಿಗೆ ಜಿಂಕೆ ತಾನಾಗಿಯೇ ಬರುತ್ತದೆ. ನೋಡಿದವರೆಲ್ಲ 'ಈ ಸಲ ಜಿಂಕೆ ಬಹಳ' ಅನ್ನುತ್ತಾರೆ. ಅಸಲಿಗೆ ಬಹಳ ಆಗಿರುವುದು ಕಾಣುವಿಕೆ ಮಾತ್ರ.

ಆಮೇಲೆ ಬಂದದ್ದು ಆ ಚಳಿಗಾಲ. 2009ರ ಡಿಸೆಂಬರ್ ಮೂರನೇ ವಾರ ಒಂದು ಭಾರಿ ಹಿಮಪಾತ, 2010ರ ಫೆಬ್ರವರಿ ಮೊದಲ ವಾರ ಇನ್ನೊಂದು. ವಾಷಿಂಗ್ಟನ್ ನಗರವನ್ನೇ ದಿನಗಟ್ಟಲೆ ನಿಲ್ಲಿಸಿದ ಹಿಮ ಅದು. ಬೆಟ್ಟದ ಸೀಮೆಗಳಲ್ಲಿ ಇನ್ನೂ ಜೋರು. ಶರತ್ಕಾಲದಲ್ಲಿ ಜಿಂಕೆ ಮೈಗೂಡಿಸಿಕೊಂಡ ಕೊಬ್ಬೇ ಚಳಿಗಾಲದ ಬುತ್ತಿ. ಆ ಕೊಬ್ಬನ್ನು ಕೊಡುವುದು ಓಕ್ ಕಾಯಿ. ಪ್ರೋಟೀನ್ ಅದರಲ್ಲಿ ಹೆಚ್ಚೇನಿಲ್ಲ, ಆದರೆ ಪಿಷ್ಟ, ಕೊಬ್ಬು ಇದೆ, ಅದೂ ಬೇಕಾದ ಹೊತ್ತಿಗೇ ಸಿಗುತ್ತದೆ. ಕಾಯಿ ಇಲ್ಲದ ಶರತ್ಕಾಲ, ಅದರ ಬೆನ್ನಿಗೇ ಎದೆಮಟ್ಟದ ಹಿಮ. ಮೊದಲು ಸೋಲುವುದು ಆ ವರ್ಷದ ಮರಿಗಳು. ಬದುಕುಳಿದ ಹೆಣ್ಣುಗಳೂ ಸೊರಗಿರುತ್ತವೆ. ಅವು ವಸಂತದಲ್ಲಿ ಹಾಕುವ ಮರಿಗಳ ತೂಕ ಕಡಿಮೆ, ಮೊದಲ ವಾರಗಳಲ್ಲೇ ಸಾಯುವ ಸಾಧ್ಯತೆ ಜಾಸ್ತಿ. ಜಾರ್ಜಿಯಾದ ಬೆಟ್ಟಗಳಲ್ಲಿ ನಡೆದ, 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಓಕ್ ಫಸಲಿಗೂ ಜಿಂಕೆಗಳ ಮೈತೂಕ, ಎಳೆ ಗಂಡುಗಳ ಕೊಂಬಿನ ಬೆಳವಣಿಗೆಗೂ ನಂಟು ತೋರಿಸಿತ್ತು. ಹಾಗಾಗಿ 2010ರ ಹಂಗಾಮಿಗೆ ಮುಂಚೆಯೇ ಕಾಡಿನಲ್ಲಿ ಜಿಂಕೆ ನಿಜವಾಗಿಯೂ ಕೆಲವು ಕಡಿಮೆಯಾಗಿದ್ದವು. ನಾನು ಅರ್ಧ ನಿಜ ಅಂದದ್ದು ಇದನ್ನೇ.

2010: ಎಲ್ಲೆಲ್ಲೂ ಕಾಯಿ

2010ರಲ್ಲಿ ಓಕ್‌ಗಳು ಸುರಿದವು. ವೆಸ್ಟ್ ವರ್ಜೀನಿಯಾ ಒಂದೇ ಅಲ್ಲ, ನ್ಯೂಯಾರ್ಕ್ ತನಕ ಆ ವರ್ಷ ಭರ್ಜರಿ ಫಸಲು. ಏಣಿನ ಮೇಲೆ ನಡೆದರೆ ಕಾಲ ಕೆಳಗೆ ಕಾಯಿ ಉರುಳಿ ಜಾರುವಂಥ ವರ್ಷ.

ಕೋವಿ ಹಂಗಾಮಿನ ಮೊದಲ ದಿನ ಹೊಲದಂಚಿನ ಅಟ್ಟಣೆಯಲ್ಲಿ ಕೂತ ಬೇಟೆಗಾರನ ಪರಿಸ್ಥಿತಿ ಊಹಿಸಿ. ಹೋದ ವರ್ಷ ಇದೇ ಜಾಗದಲ್ಲಿ ಬೆಳಕು ಹರಿಯುತ್ತಲೇ ಆರೇಳು ಜಿಂಕೆ ಕಂಡಿದ್ದವು. ಈ ಸಲ ಹತ್ತು ಗಂಟೆಯಾದರೂ ಒಂದೂ ಇಲ್ಲ. ಖಾಸಗಿ ಜಮೀನಿನಲ್ಲಿ ಮೆಕ್ಕೆಜೋಳ ಸುರಿದು ಕರೆಯುವ ಪದ್ಧತಿಯೂ ಅಲ್ಲಿ ಉಂಟು. ಜೋಳದ ರಾಶಿ ಹಾಗೇ ಮಳೆಗೆ ನೆನೆದು ಬೂಸ್ಟು ಹಿಡಿಯುತ್ತದೆ. ಕ್ಯಾಮೆರಾ ಕಟ್ಟಿದರೆ ಅದರಲ್ಲಿ ರಕೂನ್‌ಗಳ ಚಿತ್ರ ಮಾತ್ರ. ಸಂಜೆ ಮನೆಗೆ ಹೋಗಿ ಅವನು ಹೇಳುವುದು ಒಂದೇ ಮಾತು: 'ಕಾಡಿನಲ್ಲಿ ಜಿಂಕೆಯೇ ಇಲ್ಲ.'

ಅದೇ ಹೊತ್ತಿಗೆ ಅವನ ಬೆನ್ನ ಹಿಂದಿನ ಬೆಟ್ಟದಲ್ಲಿ ನಡೆಯುತ್ತಿರುವುದು ಬೇರೆ. ಜಿಂಕೆ ಮಲಗಿದ ಜಾಗದಿಂದ ಎದ್ದು ಕೂಗಳತೆಯಷ್ಟು ನಡೆದರೆ ಸಾಕು, ಹೊಟ್ಟೆ ತುಂಬುತ್ತದೆ. ಬಯಲಿಗೆ ಬರುವ ಅಗತ್ಯವೇ ಇಲ್ಲ. ದಾರಿಗಳನ್ನು ದಾಟುವುದು ಕಡಿಮೆ. ಗುಂಪುಗೂಡುವುದೂ ಕಡಿಮೆ, ಯಾಕೆಂದರೆ ಎಲ್ಲ ಏಣಿನಲ್ಲೂ ಊಟ ಇದೆ. ವರ್ಜೀನಿಯಾದ ಫ್ರಂಟ್ ರಾಯಲ್‌ನಲ್ಲಿ ಮೆಕ್‌ಶೇ ಮತ್ತು ಶ್ವೇಡೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೆಣ್ಣು ಜಿಂಕೆಗಳು ಕಾಯಿ ಉದುರುವ ಕಾಲಕ್ಕೆ ತಮ್ಮ ಓಡಾಟದ ಸೀಮೆಯನ್ನೇ ಓಕ್ ಕಾಡಿನ ಕಡೆ ಚಾಚಿಕೊಂಡದ್ದು ಕಂಡುಬಂದಿತ್ತು. ಬೇಟೆಗಾರ ಮೊದಲಿನ ಜಾಗದಲ್ಲೇ ಕೂತ. ಜಿಂಕೆ ಜಾಗ ಬದಲಿಸಿತು.

ಬೆಟ್ಟ ಹತ್ತಿದವನಿಗೆ ಗುರುತುಗಳು ಸಿಗುತ್ತವೆ. ಮರದಡಿ ತರಗೆಲೆ ಗೊರಸಿನಿಂದ ಕೆದರಿ ಮಗುಚಿರುತ್ತದೆ, ಕೆಳಗಿನ ಒದ್ದೆ ಕಪ್ಪು ಪದರ ಮೇಲೆ ಬಂದಿರುತ್ತದೆ. ಕಾಯಿಯ ಟೋಪಿಗಳು ಉಳಿದಿರುತ್ತವೆ. ಪಕ್ಕದಲ್ಲಿ ದಪ್ಪನೆಯ ಒರಟು ಸಿಪ್ಪೆ ಚೂರು. ಅಳಿಲು ತಿಂದ ಸಿಪ್ಪೆಯಾದರೆ ದಿಮ್ಮಿ, ಬೊಡ್ಡೆಯ ಮೇಲೆ ಸಣ್ಣ ಚೂರುಗಳ ರಾಶಿಯಾಗಿ ಬಿದ್ದಿರುತ್ತದೆ. ಜಿಂಕೆ ಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿ ಅಗಿದು, ನಿಂತಲ್ಲೇ ಚೂರು ಉದುರಿಸುತ್ತದೆ. ಹಸಿ ಹಿಕ್ಕೆ ಇದ್ದರೆ ನೋಡಬೇಕಾದದ್ದು ಅದನ್ನೇ. ಬರೀ ಕಾಯಿ ಬಿದ್ದಿದೆ ಅಂತ ಕೂರುವುದು ದಡ್ಡತನ, ಹೇರಳ ವರ್ಷದಲ್ಲಿ ಕಾಯಿ ಎಲ್ಲ ಕಡೆ ಬಿದ್ದಿರುತ್ತದೆ. ಕೆದರಿದ ಗುರುತು, ಹಸಿ ಹಿಕ್ಕೆ, ಹತ್ತಿರದಲ್ಲಿ ಮಲಗಲು ಮರೆಯಾದ ಪೊದೆ, ಈ ಮೂರೂ ಸೇರಿದ ಕಡೆ ಕೂರಬೇಕು. ಕೆಂಪು ಗುಂಪಿನ ಮರ ಆದರೆ ನವೆಂಬರ್ ಕೊನೆಗೆ ಇನ್ನೂ ಒಳ್ಳೆಯದು. ಆದರೆ ಅಲ್ಲಿಗೆ ಹೋಗುವುದೂ ಕಷ್ಟ. ಒಣ ಎಲೆಯ ಮೇಲೆ ನಡೆಯುವ ಸದ್ದಿಗೆ ಊಟದ ಪಕ್ಕವೇ ಮಲಗಿರುವ ಜಿಂಕೆ ಎದ್ದು ಹೋಗುತ್ತದೆ. ಗಾಳಿ ನೋಡಿ, ಇನ್ನೂ ಕತ್ತಲಿರುವಾಗಲೇ ಹೋಗಿ, ಅಲುಗಾಡದೆ ಕೂರುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಇಂಥ ಹಂಗಾಮು ಬಂದಾಗಲೆಲ್ಲ ದೂರುಗಳೂ ಬರುತ್ತವೆ. ಕಯೋಟಿಗಳು (ತೋಳದ ಜಾತಿಯ, ಅದಕ್ಕಿಂತ ಸಣ್ಣ ಪ್ರಾಣಿ) ಮರಿಗಳನ್ನೆಲ್ಲ ತಿಂದವು ಅಂತ ಕೆಲವರು. ಹೆಣ್ಣು ಜಿಂಕೆ ಹೊಡೆಯಲು ಇಲಾಖೆ ಪರ್ಮಿಟ್ ಜಾಸ್ತಿ ಕೊಟ್ಟಿತು ಅಂತ ಇನ್ನು ಕೆಲವರು. ಇವನ್ನು ತಳ್ಳಿಹಾಕಬೇಕು ಅಂತ ನಾನು ಹೇಳುವುದಿಲ್ಲ. ಕಯೋಟಿ ಮರಿ ತಿನ್ನುತ್ತದೆ, ಪರ್ಮಿಟ್ ಹೆಚ್ಚಾದರೆ ಹಿಂಡು ಇಳಿಯುತ್ತದೆ. ಆದರೆ ಕಯೋಟಿಯೇ ಕಾರಣವಾಗಿದ್ದರೆ 2011ರಲ್ಲಿ ಲೆಕ್ಕ ಕಾಲು ಭಾಗಕ್ಕಿಂತ ಹೆಚ್ಚು ಜಿಗಿಯುತ್ತಿತ್ತಾ? ಕಯೋಟಿಗಳೇನೂ ಒಂದು ವರ್ಷಕ್ಕೆ ರಜೆ ಹಾಕಿ ಹೋಗಲಿಲ್ಲ. 2010ರ ಫಸಲು ತಿಂದ ಜಿಂಕೆಗಳು ಚಳಿಗಾಲ ದಾಟಿದವು. ಕೊಬ್ಬಿದ ಹೆಣ್ಣುಗಳು ಗಟ್ಟಿಮುಟ್ಟಾದ ಮರಿ ಹಾಕಿದವು. ಜಿಂಕೆ ಹೆಚ್ಚಿದ್ದೂ ಹೌದು, ಕಾಣತೊಡಗಿದ್ದೂ ಹೌದು.

ಇದೇ ಕತೆ ಮತ್ತೊಮ್ಮೆ ನಡೆಯಿತು. 2013ರಲ್ಲಿ ಸುಮಾರು 1,50,000 ಜಿಂಕೆ. 2014ರಲ್ಲಿ ಕಾಡಿನ ಫಸಲು ಹೇರಳ, ಬೇಟೆಯ ಲೆಕ್ಕ 1,04,000ದ ಹತ್ತಿರ. 2015ರಲ್ಲಿ 1,38,000. ಅಂಕಿಗಳ ಏರಿಳಿತ ಎಷ್ಟು ಹೋಲುತ್ತದೆ ಅಂದರೆ ವರ್ಷದ ಹೆಸರು ಮುಚ್ಚಿಟ್ಟರೆ ಯಾವುದು ಯಾವುದು ಅಂತ ಗುರುತಿಸುವುದು ಕಷ್ಟ. ಕರಡಿ ಬೇಟೆಯಲ್ಲೂ ಓಕ್ ಕೈವಾಡ ಇದೆ, ಆದರೆ ಬಿಲ್ಲಿನ ಹಂಗಾಮಿಗೆ ಒಂದು ಥರ, ಕೋವಿಯದಕ್ಕೆ ಇನ್ನೊಂದು ಥರ. ಕಾಯಿ ಇಲ್ಲದ ವರ್ಷ ಕರಡಿ ಮೇವಿರುವ ಕೆಲವೇ ಜಾಗಕ್ಕೆ ಬಂದು ಬಿಲ್ಲುಗಾರರಿಗೆ ಸಿಗುತ್ತದೆ, ಆಮೇಲೆ ಬೇಗ ಗುಹೆ ಸೇರುತ್ತದೆ. ಕಾಯಿ ಹೇರಳವಾದ ವರ್ಷ ತಡವಾಗಿ ಸೇರುತ್ತದೆ, ಡಿಸೆಂಬರಿನ ಕೋವಿ ಹಂಗಾಮಿನಲ್ಲೂ ಹೊರಗೇ ಇರುತ್ತದೆ.

ಇಲಾಖೆಯ ಕಡೆಯಿಂದ ನೋಡಿದರೆ ಇಲ್ಲಿ ಒಂದು ಅಪಾಯ ಇದೆ. ಬೇಟೆಯ ಲೆಕ್ಕವನ್ನಷ್ಟೇ ನಂಬಿ ಮುಂದಿನ ವರ್ಷದ ಪರ್ಮಿಟ್ ನಿರ್ಧರಿಸಿದರೆ, ಫಸಲು ಸುರಿದ ವರ್ಷದ ನಂತರ ಪರ್ಮಿಟ್ ಕಡಿತವಾಗುತ್ತದೆ. ಅದೇ ಹೊತ್ತಿಗೆ ಕಾಡಿನಲ್ಲಿ ಕಣ್ಣಿಗೆ ಬೀಳದೆ ಉಳಿದ ಜಿಂಕೆಗಳು ಮೈದುಂಬಿ ಮರಿ ಹಾಕುತ್ತಿರುತ್ತವೆ. ಫಸಲು ಕೈಕೊಟ್ಟ ವರ್ಷ ಹೊಲದಂಚಿಗೆ ಬಂದು ಬಿದ್ದ ಜಿಂಕೆಗಳನ್ನು ನೋಡಿ ಪರ್ಮಿಟ್ ಏರಿಸಿದರೆ, ಸೊರಗಿದ ಹಿಂಡಿನ ಮೇಲೆ ಹೊರೆ. ಎರಡೂ ಸಲ ತಪ್ಪು ದಿಕ್ಕಿಗೇ ಹೆಜ್ಜೆ. ಆದ್ದರಿಂದ ಒಂದೇ ವರ್ಷದ ಅಂಕಿ ನೋಡಿ ನಿಯಮ ಬದಲಿಸಿ ಅಂತ ಒತ್ತಾಯಿಸುವವರ ಮಾತು ಎಷ್ಟೇ ಗಟ್ಟಿಯಾಗಿದ್ದರೂ, ಫಸಲಿನ ವರದಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಕೇಳಬಾರದು. ಜಿಂಕೆ ಅತಿಯಾದರೆ ಎಳೆ ಓಕ್ ಸಸಿಗಳನ್ನೇ ಮೇದು ಮುಗಿಸುತ್ತದೆ ಅನ್ನುವುದನ್ನೂ ಮರೆಯುವ ಹಾಗಿಲ್ಲ. ಓಕ್ ಮೇಲೇಳದ ಕಡೆ ಮೇಪಲ್ ಮರಗಳು ಜಾಗ ಹಿಡಿಯುತ್ತಿವೆ, ಅವು ಯಾವ ಜಿಂಕೆಗೂ ಕಾಯಿ ಉದುರಿಸುವುದಿಲ್ಲ.

ಬೇಟೆಗಾರನಿಗೆ ಸುಲಭದ ಕೆಲಸವೊಂದು ಆಗಸ್ಟಿನಲ್ಲೇ ಇದೆ. ದುರ್ಬೀನು ಹಿಡಿದು ಮರದ ನೆತ್ತಿ ನೋಡುವುದು. ಬಿಸಿಲು ಬೀಳುವ ಮೇಲಿನ ಮೂರನೇ ಒಂದು ಭಾಗದಲ್ಲೇ ಕಾಯಿ ಜಾಸ್ತಿ. ಕೆಂಪು ಗುಂಪಿನ ಮರವಾದರೆ ಇನ್ನೊಂದು ಅನುಕೂಲ. ಈ ವರ್ಷ ಹುಟ್ಟಿದ ಹೊಸ ಕಡ್ಡಿಯ ಮೇಲೆ ಗುಂಡುಸೂಜಿ ತಲೆಯಷ್ಟು ಎಳೆ ಕಾಯಿಗಳು ಕೂತಿರುತ್ತವೆ. ಅವು ಮುಂದಿನ ವರ್ಷದ ಫಸಲು. ಎಲ್ಲವೂ ಉಳಿಯುವುದಿಲ್ಲ, ಆದರೆ ಒಂದೂ ಇಲ್ಲದಿದ್ದರೆ ಮುಂದಿನ ವರ್ಷ ಆ ಮರದಡಿ ಕೂರುವುದು ವ್ಯರ್ಥ. ಸುತ್ತ ಎಲ್ಲ ಬರಿದಾದಾಗಲೂ ಕಾಯಿ ಬಿಡುವ ಒಂಟಿ ಮರಗಳು ಇರುತ್ತವೆ. ಕೆಲವು ಮರ ಹುಟ್ಟಿನಿಂದಲೇ ಚೆನ್ನಾಗಿ ಬಿಡುವಂಥವು, ಪಕ್ಕದ ಮರಕ್ಕಿಂತ ಯಾವಾಗಲೂ ಒಂದು ಕೈ ಮುಂದೆ. 2009ರಂಥ ವರ್ಷದಲ್ಲಿ ಅಂಥ ಒಂದು ಮರ ಗೊತ್ತಿದ್ದವನಿಗೆ ಬೇರೆ ಹುಡುಕಾಟ ಬೇಕಿಲ್ಲ.

ಹೇರಳ ಫಸಲಿನ ಇನ್ನೊಂದು ಬಾಲ ಎರಡು ವರ್ಷ ಬಿಟ್ಟು ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಮಿಲ್‌ಬ್ರೂಕ್‌ನಲ್ಲಿ ರಿಚರ್ಡ್ ಆಸ್ಟ್‌ಫೆಲ್ಡ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಕಾಯಿ ಸುರಿದ ಮರುವರ್ಷ ಬಿಳಿಕಾಲಿನ ಇಲಿಗಳು ಹೆಚ್ಚುತ್ತವೆ. ಉಣ್ಣಿಯ (ರಕ್ತ ಹೀರುವ ಉಣುಗು) ಮರಿಗಳು, ತಮ್ಮ ಕಡಿತದಿಂದ ಮನುಷ್ಯರಿಗೆ ಹರಡುವ ಲೈಮ್ ರೋಗದ ಬ್ಯಾಕ್ಟೀರಿಯಾವನ್ನು ಪಡೆಯುವುದು ಹೆಚ್ಚಾಗಿ ಆ ಇಲಿಗಳ ರಕ್ತದಿಂದ. ಅದರ ಮರುವರ್ಷ ಆ ಉಣ್ಣಿಗಳು ಗಸಗಸೆ ಕಾಳಿನಷ್ಟು ಬೆಳೆದು ಮನುಷ್ಯರಿಗೆ ಕಚ್ಚುತ್ತವೆ. 2010ರ ಫಸಲು, 2011ರ ಇಲಿ. 2011ರಲ್ಲಿ ನ್ಯೂಯಾರ್ಕ್ ಕಡೆ ಓಕ್ ಕೈಕೊಟ್ಟು ಇಲಿಗಳು ಕುಸಿದಾಗ, 2012ರ ವಸಂತದಲ್ಲಿ ಹಸಿದ ಉಣ್ಣಿಗಳಿಗೆ ಇಲಿ ಸಾಕಾಗದೆ ಮನುಷ್ಯರಿಗೆ ಅಪಾಯ ಜಾಸ್ತಿ ಅಂತ ಆಸ್ಟ್‌ಫೆಲ್ಡ್ ಮೊದಲೇ ಎಚ್ಚರಿಸಿದ್ದರು. ವಸಂತದ ಟರ್ಕಿ ಬೇಟೆಗೆ ಹೋಗುವವರು, ಕಳಚಿಬಿದ್ದ ಕೊಂಬು ಹುಡುಕಲು ಹೋಗುವವರು, ಹೇರಳ ಫಸಲಿನ ವರ್ಷದಿಂದ ಎರಡು ಎಣಿಸಿ, ಆ ವರ್ಷ ಕಾಡಿನಿಂದ ಬಂದ ಕೂಡಲೇ ಮೊಣಕಾಲ ಹಿಂದೆ, ತೊಡೆಸಂದಿ, ಕಂಕುಳು ಮುಟ್ಟಿ ನೋಡಿಕೊಳ್ಳಬೇಕು.